ಮಾವ ಪಾಸಾದರು

ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳು ಮನುಷ್ಯರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅವು ನಿಘಂಟಿನೊಳಗೆ ಮರ್ಯಾದೆಯಿಂದ ಕೂತಿರುತ್ತವೆ. ನಾವಾಗಿ ಹುಡುಕಿಕೊಂಡು ಹೋಗದಿದ್ದರೆ ನಮ್ಮ ತಂಟೆಗೆ ಬರುವುದಿಲ್ಲ. ಅಪಾಯವೆಲ್ಲ ಇರುವುದು ಚಿಕ್ಕ ಪದಗಳಲ್ಲಿ. ಗೆಟ್, ಪುಟ್, ಸೆಟ್, ರನ್ ಎಂಬ ಈ ಪುಟಾಣಿಗಳು ಒಂದೇ ದಿನ ಹತ್ತು ಮನೆಯಲ್ಲಿ ಕೆಲಸಕ್ಕೆ ಹೋಗುವಂಥವು. ಯಾವ ಹೊತ್ತಿನಲ್ಲಿ ಯಾರ ಮನೆಯ ಪಾತ್ರೆ ತೊಳೆಯುತ್ತಿರುತ್ತವೋ ಹೇಳಲಾಗದು. ನಾವು ಒಂದು ಅರ್ಥವನ್ನು ನಂಬಿ ಕರೆದರೆ ಇನ್ನೊಂದು ಅರ್ಥ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಗದಗದಿಂದ ಬಾಗಲಕೋಟೆಯವರೆಗೆ ನನ್ನ ಗಂಡನ ಕಡೆಯವರ ನಡುವೆ ನಾನು ಹೆಸರುವಾಸಿಯಾಗಿರುವುದು ಅಂಥದೇ ಒಂದು ಚಿಕ್ಕ ಪದದಿಂದ. ಆ ಪದ ಪಾಸ್.

ನಾನು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ. ನಮ್ಮ ಶಾಲೆಯಲ್ಲಿ ಪಾಸ್ ಎಂಬುದಕ್ಕೆ ಎರಡೇ ಅರ್ಥವಿತ್ತು. ಒಂದು ಪರೀಕ್ಷೆಯದು, ಇನ್ನೊಂದು ಕಿರುಬೆರಳಿನದು. "ಟೀಚರ್, ಪಾಸ್" ಎಂದು ಕಿರುಬೆರಳು ಎತ್ತಿ ನಿಂತವನು ಓಡಿದರೆ ಹಿಂದಿನ ಬೇಲಿಯ ಕಡೆಗೇ ಓಡುತ್ತಿದ್ದ. ಈ ಎರಡು ಅರ್ಥಗಳು ಒಂದನ್ನೊಂದು ಮುಟ್ಟದೆ ಬದುಕಿಕೊಂಡಿದ್ದವು. ಒಮ್ಮೆ ಮಾತ್ರ, ರಿಸಲ್ಟಿನ ದಿನ, ಪಕ್ಕದ ಮನೆಯ ಸುಧಾಕರ ಬಸ್ಸಿಳಿದು ಬರುತ್ತಿದ್ದಂತೆ ಅವನ ಅಜ್ಜಿ ಗೇಟಿನಿಂದಲೇ "ಪಾಸಾಯಿತಾ ಮಗಾ?" ಎಂದು ಕೂಗಿದರು. "ಬಸ್ಸಿಳಿದ ಕೂಡಲೇ ಆಯಿತು ಅಜ್ಜಿ" ಎಂದ ಅವನು. ಅಜ್ಜಿ ಸಂಜೆಯೊಳಗೆ ಬೀದಿಗೆಲ್ಲ ಸಕ್ಕರೆ ಹಂಚಿದರು. ಅವನು ಫೇಲಾದದ್ದು ತಿಳಿಯುವಾಗ ಸಕ್ಕರೆ ಎಲ್ಲರ ಹೊಟ್ಟೆ ಸೇರಿಯಾಗಿತ್ತು.

ಮದುವೆಯಾಗಿ ಸಿಂಗಪುರಕ್ಕೆ ಬಂದ ಮೇಲೆ ತಿಳಿಯಿತು, ಪಾಸಿನ ನಿಜವಾದ ಊರು ಇದು ಎಂದು. ಇಲ್ಲಿ ದುಡಿಯುವವನಿಗೊಂದು ಪಾಸು, ಅವನನ್ನು ನಂಬಿ ಬಂದ ಹೆಂಡತಿಗೊಂದು ಪಾಸು, ಇಬ್ಬರನ್ನೂ ನೋಡಲು ಬರುವ ಅಪ್ಪ ಅಮ್ಮನಿಗೆ ಮತ್ತೊಂದು ಪಾಸು. ಊರಿನಲ್ಲಿ ಹೊಸಬರ ಜಾತಿ ತಿಳಿಯಲು ಜನ ಹೇಗೆ ಸುತ್ತಿ ಬಳಸಿ ಮಾತಾಡುತ್ತಾರೋ ಹಾಗೆ ಇಲ್ಲಿಯ ನಮ್ಮವರ ಹಬ್ಬದೂಟಗಳಲ್ಲಿ ಪಾಸು ವಿಚಾರಿಸುತ್ತಾರೆ. "ನೀವಿನ್ನೂ ಅದೇ ಪಾಸಲ್ಲೇ ಇದೀರಾ?" ಎಂದು ಕೇಳುವವರ ಮುಖದಲ್ಲಿ, ಹೋಳಿಗೆ ಬಡಿಸುತ್ತಿದ್ದರೂ, ಒಂದು ಮರುಕ ಇರುತ್ತದೆ. ಇದು ಸಾಲದೆಂಬಂತೆ ನಮ್ಮ ಬುಕಿತ್ ಬಾಟೋಕ್ ಮನೆಯ ಎದುರಿನ ಚೀನೀ ಆಂಟಿ ಹೊಸದರಲ್ಲಿ ಲಿಫ್ಟಿನಲ್ಲಿ ಸಿಕ್ಕಿ, "ಟುಮಾರೋ ಐ ಪಾಸ್ ಯೂ, ಲಾ" ಎಂದು, ಇಲ್ಲಿಯವರು ಮಾತಿನ ಕೊನೆಗೆಲ್ಲ ಹಚ್ಚುವ ಲಾ ಸೇರಿಸಿ ಹೇಳಿದರು. ಯಾವ ಪರೀಕ್ಷೆಯಲ್ಲಿ ನನ್ನನ್ನು ಪಾಸು ಮಾಡುತ್ತಾರೆಂದು ನಾನು ಬಹಳ ಯೋಚಿಸಿದೆ. ಮರುದಿನ ಆಂಟಿ ಒಂದು ಹಸಿರು ಕೇಕನ್ನು ನನ್ನ ಕೈಗಿಟ್ಟರು. ಇಲ್ಲಿ ಪಾಸೆಂದರೆ ಕೊಡುವುದು ಎಂದೂ ಆಗುತ್ತದೆ.

ಇಂಥ ಊರಿಗೆ ನನ್ನ ಮಾವ ಬಂದರು. ಮಾವ ಎಂದರೆ ಗದಗದ ಶಿವಪುತ್ರಪ್ಪ ಮಾಸ್ತರರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರ ಕೈಯಲ್ಲಿ ಇಂಗ್ಲಿಷ್ ಕಲಿತವರು ಗದಗದ ತುಂಬ ಇದ್ದಾರೆ. ಕಲಿಯದೆ ಫೇಲಾದವರು ಇನ್ನೂ ಹೆಚ್ಚು ಇದ್ದಾರೆ. ಮಾವನ ಪಾಲಿಗೆ ಪಾಸ್ ಎಂಬುದಕ್ಕೆ ಒಂದೇ ಅರ್ಥ, ಅದಕ್ಕೆ ವಿರುದ್ಧಪದವೂ ಒಂದೇ. ನಡುವೆ ದಯೆ, ದಾಕ್ಷಿಣ್ಯ, ಬಂಧುತ್ವಗಳಿಗೆ ಜಾಗವಿರಲಿಲ್ಲ. ಎಷ್ಟರ ಮಟ್ಟಿಗೆ ಎಂದರೆ, ತಮ್ಮದೇ ಶಾಲೆಯಲ್ಲಿ ಓದುತ್ತಿದ್ದ ತಮ್ಮನ ಮಗ ಬಸುವನ್ನು ಒಂಬತ್ತನೆಯ ತರಗತಿಯಲ್ಲಿ ಅವರು ಇಂಗ್ಲಿಷಿನಲ್ಲಿ ಫೇಲು ಮಾಡಿದ್ದರು. ತಮ್ಮ ವೀರಪ್ಪ ಬಾಗಲಕೋಟೆಯಿಂದ ಬಂದು ಹಜಾರದಲ್ಲಿ ನಿಂತು, "ಅಣ್ಣಾ, ಊರ ಮಂದೀ ಮಕ್ಕಳನ್ನ ದಂಡೀ ಹಚ್ಚತಿ, ನಮ್ಮ ರಕ್ತಾನ್ನ ದಾಟಸಾಕ ಕೈ ಬರಲಿಲ್ಲೇನು?" ಎಂದು ಕೇಳಿದರಂತೆ. ಮಾವ ಕನ್ನಡಕ ಒರೆಸಿಕೊಂಡು, "ರಕ್ತಕ್ಕ ಮಾರ್ಕ್ಸ್ ಇಲ್ಲ" ಎಂದರಂತೆ. ಅಂದು ಚಹಾ ಕುಡಿಯದೆ ಎದ್ದುಹೋದ ಚಿಕ್ಕಮಾವ ನನ್ನ ಮದುವೆಗೂ ಬರಲಿಲ್ಲ. ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ಆ ಹುಡುಗನಿಗೆ ಮೀಸೆ ಬಂದು, ಮದುವೆಯಾಗಿ, ಮಕ್ಕಳೂ ಆದವು. ಇಬ್ಬರೂ ಇದ್ದದ್ದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾತ್ರ. ಅಲ್ಲಿಯೂ ಒಬ್ಬರು ಶುಭೋದಯ ಎಂದರೆ ಇನ್ನೊಬ್ಬರು ಆ ದಿನ ಉದಯವೇ ಆಗದವರಂತೆ ಸುಮ್ಮನಿರುತ್ತಿದ್ದರು.

ಸಿಂಗಪುರದಲ್ಲಿ ಮಾವನಿಗೆ ಮೊದಲ ಪೆಟ್ಟು ಕೊಟ್ಟವಳು ನನ್ನ ಮಗಳು ಅನಘಾ. ಪ್ರೈಮರಿ ಶಾಲೆಯಲ್ಲಿದ್ದಾಳೆ. ಒಂದು ಸಂಜೆ ಅವಳು ಬ್ಯಾಗು ಎಸೆದು, "ಅಜ್ಜ, ಐ ಆಲ್ರೆಡಿ ಪಾಸ್ಡ್ ಅಪ್ ಮೈ ಹೋಮ್‌ವರ್ಕ್!" ಎಂದು ಹೆಮ್ಮೆಯಿಂದ ಹೇಳಿದಳು. ಮಾವ ಗಾಬರಿಯಾದರು. ಅವರು ಕಲಿತ ಇಂಗ್ಲಿಷಿನಲ್ಲಿ ಪಾಸ್ ಅಪ್ ಎಂದರೆ ಕೈಗೆ ಬಂದದ್ದನ್ನು ಬೇಡವೆಂದು ಬಿಡುವುದು. "ಹೋಮ್‌ವರ್ಕ್ ಮಾಡದ ಬಿಟ್ಟು ಬಂದು ಹಿಂಗ ಕುಣೀತೀಯಲ್ಲ!" ಎಂದು ಬೈದರು. ಅವಳು, "ನೋ ಲಾ ಅಜ್ಜ, ಟೀಚರ್ ಹತ್ರ ಪಾಸ್ ಅಪ್ ಮಾಡ್ದೆ" ಎಂದು ಅಳುವ ಹಾಗಾದಳು. ಇಲ್ಲಿಯ ಶಾಲೆಗಳಲ್ಲಿ ಪಾಸ್ ಅಪ್ ಎಂದರೆ ಒಪ್ಪಿಸುವುದು ಎಂದು ನಾನು ಬಿಡಿಸಿ ಹೇಳಿದೆ. "ಬಿಡೋದಕ್ಕೂ ಪಾಸ್ ಅಪ್, ಕೊಡೋದಕ್ಕೂ ಪಾಸ್ ಅಪ್. ಈ ಊರಾಗ ಮಾಸ್ತರಕಿ ಮಾಡೋದು ಭಾಳ ಕಷ್ಟ ಐತಿ" ಎಂದರು ಮಾವ.

ಆ ಭಾನುವಾರ ನಾವೆಲ್ಲ ಪಾಸಿರ್ ರಿಸ್ ಕಡಲ ತೀರಕ್ಕೆ ಹೋದೆವು. ಹೆಸರಿನಲ್ಲೇ ಪಾಸು ಇರುವುದನ್ನು ಆಗ ನಾನು ಗಮನಿಸಿರಲಿಲ್ಲ. ಅನಘಾ ಬಾಡಿಗೆಗೆ ತೆಗೆದುಕೊಂಡ ಸೈಕಲ್ಲು ಮರಳಿನಲ್ಲಿ ಹೂತುಕೊಂಡಿತು. ನನ್ನ ಗಂಡ ಮಹಾಂತೇಶ ಬರುವುದರೊಳಗೆ ಮಾವ ಪಂಚೆ ಎತ್ತಿ ಕಟ್ಟಿ ಅದನ್ನು ಒಂದೇ ಏಟಿಗೆ ಎತ್ತಿದರು. ಸೈಕಲ್ಲು ಮೇಲೆ ಬಂತು, ಮಾವ ಕೆಳಗೆ ಕೂತರು. ತೊಡೆಸಂದಿಯಲ್ಲಿ ಬಹಳ ಕಾಲದಿಂದ ಹರ್ನಿಯಾ ಇತ್ತೆಂದೂ, ಅದನ್ನು ಯಾರಿಗೂ ಹೇಳಬಾರದೆಂದು ಅತ್ತೆಯಿಂದ ಆಣೆ ಮಾಡಿಸಿಕೊಂಡಿದ್ದರೆಂದೂ ಆಸ್ಪತ್ರೆಗೆ ಹೋಗುವ ಟ್ಯಾಕ್ಸಿಯಲ್ಲಿ ಹೊರಬಿತ್ತು. ಅತ್ತೆ ಅಳುತ್ತಲೇ, "ಹೆಂಗಸರ ಮುಂದ ಹೇಳೋ ಬ್ಯಾನಿ ಅಲ್ಲ ಅಂತಿದ್ರು" ಎಂದರು. ಮಾವ ಮುಖ ಹಿಂಡಿಕೊಂಡು ಕಿಟಕಿಯ ಕಡೆ ತಿರುಗಿದರು. ಕರುಳಿನ ತುಂಡೊಂದು ಸಿಕ್ಕಿಹಾಕಿಕೊಂಡಿದೆ, ತಡಮಾಡುವ ಹಾಗಿಲ್ಲ ಎಂದು ಡಾಕ್ಟರು ಆಪರೇಷನ್ ಮಾಡಿದರು. ಆ ಬಾಗಿಲ ಹೊರಗೆ ಕೂತ ಹೊತ್ತಿನಲ್ಲಿ ನಮ್ಮ ಮನೆಯ ಯಾರೂ ತಮಾಷೆ ಮಾಡಲಿಲ್ಲ, ಆದ್ದರಿಂದ ಅದನ್ನು ಇಲ್ಲಿ ಬಿಡುತ್ತೇನೆ.

ಆಪರೇಷನ್ ಸರಿಯಾಗಿಯೇ ಆಯಿತು. ಆದರೆ ಮಾವನ ಕರುಳು ಏಳಲಿಲ್ಲ. ಡಾಕ್ಟರು ನಮಗೆ ಸಾವಧಾನವಾಗಿ ವಿವರಿಸಿದರು: ಇಂಥ ಆಪರೇಷನ್ನಿನ ನಂತರ ಕರುಳು ಒಂದಷ್ಟು ಕಾಲ ಮಲಗಿಬಿಡುತ್ತದೆ. ಅದು ಎದ್ದಿದೆ ಎಂಬುದಕ್ಕೆ ಗುರುತು ಒಂದೇ, ಹೊಟ್ಟೆಯ ಗಾಳಿ ಹೊರಗೆ ಹೋಗಬೇಕು. ಅಲ್ಲಿಯವರೆಗೆ ಬಾಯಿಗೆ ನೀರೂ ಇಲ್ಲ. ಹೋಗದೇ ಇದ್ದರೆ ಮತ್ತೆ ಹೊಟ್ಟೆ ತೆರೆದು ನೋಡಬೇಕಾದೀತು. ಈ ಕೊನೆಯ ಮಾತು ಕೇಳಿ ಅತ್ತೆ ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ.

ಅಂದಿನಿಂದ ನಮ್ಮ ಕುಟುಂಬದ ಏಕೈಕ ಆಸೆ ಮಾವನ ಗಾಳಿಯಾಯಿತು. ವಾರ್ಡಿನ ನರ್ಸು ನೂರುಲ್ ಎಂಬ ಮಲಯ್ ಹುಡುಗಿ, ಬಹಳ ನಗುಮುಖದವಳು. ಬಂದಾಗಲೆಲ್ಲ ಮಂಚದ ತುದಿ ತಟ್ಟಿ, "ಅಂಕಲ್, ಪಾಸ್ ಗ್ಯಾಸ್ ಆಲ್ರೆಡಿ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೇಳುತ್ತಿದ್ದಳು. ಮೊದಲ ಸಲ ಅವಳು ಹಾಗೆ ಕೇಳಿದಾಗ ಮಾವ ಮಂಪರಿನಲ್ಲಿದ್ದರು. ಉತ್ತರ ಕೊಟ್ಟದ್ದು ಅತ್ತೆ. "ಗ್ಯಾಸಿಂದು ಪಾಸ್‌ಬುಕ್ಕ ಗದಗದಾಗ ತಿಜೋರಿಯೊಳಗ ಐತವಾ, ಇಲ್ಲೆ ತಂದಿಲ್ಲ" ಎಂದು ನರ್ಸಿಗೆ ಕನ್ನಡದಲ್ಲೇ ತಿಳಿಸಿ, ನನ್ನತ್ತ ತಿರುಗಿ, "ದವಾಖಾನ್ಯಾಗ ಅದನ್ಯಾಕ ಕೇಳ್ತಾರ?" ಎಂದರು. ನಾನು ಅತ್ತೆಯ ಕಿವಿಯಲ್ಲಿ ವಿಷಯ ಹೇಳಿದೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಚ್ಚರವಾದ ಮೇಲೆ ಮಾವನಿಗೂ ಅದೇ ಪ್ರಶ್ನೆ ಬಂತು. ಜೀವಮಾನವೆಲ್ಲ ಬೇರೆಯವರನ್ನು ಪಾಸೋ ಫೇಲೋ ಎಂದು ನೋಡಿದ ಮನುಷ್ಯ, ಮೊಮ್ಮಗಳಿಗೆ ಅಕ್ಕನಂತೆ ಕಾಣುವ ಹುಡುಗಿಯ ಮುಂದೆ ತಲೆ ತಗ್ಗಿಸಿ "ನಾಟ್ ಯೆಟ್, ಸಿಸ್ಟರ್" ಎನ್ನುವುದನ್ನು ನೋಡಲಾಗುತ್ತಿರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ತಮಿಳು ಅಂಕಲ್ ಇದ್ದರು. ಅವರಿಗೆ ಮಾವನ ನಂತರ ಆಪರೇಷನ್ ಆಗಿತ್ತು. ಮರುದಿನ ಬೆಳಗ್ಗೆಯೇ ಅವರು ಪರದೆಯ ಆಚೆಯಿಂದ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ, ಉತ್ತೀರ್ಣರಾದರು. ನೂರುಲ್ ಚಪ್ಪಾಳೆ ತಟ್ಟಿದಳು. ಅವರಿಗೆ ಗಂಜಿ ಬಂತು. ಮಾವ ಆ ಗಂಜಿಯ ಬಟ್ಟಲನ್ನು ನೋಡಿದ ನೋಟವಿದೆಯಲ್ಲ, ಅದನ್ನು ನಾನು ಶಾಲೆಯಲ್ಲಿ ಹಿಂದಿನ ಬೆಂಚಿನವರ ಮುಖದಲ್ಲಿ ಮಾತ್ರ ಕಂಡಿದ್ದೆ. "ನನ್ನ ಹಿಂದ ಬಂದಾಂವ, ನನಕಿಂತ ಮುಂದ ಪಾಸಾದ" ಎಂದು ಗೊಣಗಿದರು. ಮಹಾಂತೇಶ ಬೂನ್ ಲೇ ಹತ್ತಿರದ ತನ್ನ ಆಫೀಸಿನಿಂದ ಫೋನು ಮಾಡಿ, ಸುತ್ತ ಸಹೋದ್ಯೋಗಿಗಳಿರುವುದರಿಂದ ಗುಟ್ಟಾಗಿ, "ಏನಾದ್ರೂ ಅಪ್‌ಡೇಟ್?" ಎಂದು ಕೇಳುತ್ತಿದ್ದ. ಗದಗದ ಗುಂಪಿನಲ್ಲಿ ನೆಂಟರೆಲ್ಲ "ಕಾಕಾ ಹೆಂಗದಾರ? ಊಟ ಮಾಡ್ತಾರೇನು?" ಎಂದು ಕೇಳುತ್ತಿದ್ದರು. ಕಾಕಾ ಯಾತಕ್ಕೆ ಊಟ ಮಾಡುತ್ತಿಲ್ಲ, ಯಾವುದಕ್ಕಾಗಿ ನಾವೆಲ್ಲ ಕಾಯುತ್ತಿದ್ದೇವೆ ಎಂದು ನಾನು ಅಲ್ಲಿ ಹೇಗೆ ಬರೆಯಲಿ? "ಸ್ವಲ್ಪ ಕಾಯಬೇಕಂತೆ" ಎಂದಷ್ಟೇ ಬರೆಯುತ್ತಿದ್ದೆ. ಅವರು ಅದರಿಂದ ಇನ್ನಷ್ಟು ಹೆದರುತ್ತಿದ್ದರು.

ಅದರ ಮಾರನೆಯ ಮಧ್ಯಾಹ್ನ. ಡಾಕ್ಟರು ಬೆಳಗ್ಗೆ ಬಂದವರು ಹೊಟ್ಟೆ ಒತ್ತಿ ನೋಡಿ, ಸಂಜೆಯ ತನಕ ನೋಡೋಣ ಎಂದು ನಗದೆ ಹೇಳಿ ಹೋಗಿದ್ದರು. ಅತ್ತೆ ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಆಗ ಒಂದು ಸದ್ದಾಯಿತು. ಸಣ್ಣದಲ್ಲ, ಹಳೆಯ ಮನೆಯ ಕದದ ಕಿರುಗುಟ್ಟುವಿಕೆಯಂತೆ ಉದ್ದವಾದದ್ದು. ಅತ್ತೆ ಕಣ್ಣು ಬಿಟ್ಟು, "ಯಾರವಾ ಬಾಗಿಲಾ ತಗದವರು?" ಎಂದರು. ಮಾವ ಮೇಲ್ಛಾವಣಿಯನ್ನೇ ನೋಡುತ್ತ, ಪೂರ್ಣ ಗಾಂಭೀರ್ಯದಿಂದ, "ಬಾಗಿಲಲ್ಲ" ಎಂದರು.

ಒಂದು ಗಳಿಗೆ ನಮಗೆ ತಿಳಿಯಲಿಲ್ಲ. ತಿಳಿದ ಮೇಲೆ ಅತ್ತೆ ಅಳಲು ಶುರುಮಾಡಿದರು, ನಾನು ನಗಲು ಶುರುಮಾಡಿದೆ, ನೂರುಲ್ ಓಡಿಬಂದಳು. ಮಾವ ತರಗತಿಯಲ್ಲಿ ಹಾಜರಿ ಹೇಳುವವರಂತೆ ಕೈಯೆತ್ತಿ, "ಯೆಸ್, ಸಿಸ್ಟರ್. ಐ ಹ್ಯಾವ್ ಪಾಸ್ಡ್" ಎಂದರು. "ವೆರಿ ಗುಡ್, ಅಂಕಲ್! ಪಾಸ್ಡ್ ಆಲ್ರೆಡಿ!" ಎಂದು ಅವಳು ಕುಣಿದಳು. ಪಕ್ಕದ ತಮಿಳು ಅಂಕಲ್ ಪರದೆ ಸರಿಸಿ ಕೈಮುಗಿದು ಅಭಿನಂದಿಸಿದರು. ಎದೆಯ ಮೇಲಿಂದ ರುಬ್ಬುವ ಕಲ್ಲು ಇಳಿದ ಹಾಗಾಯಿತು ನನಗೆ. ಈ ಸಂತೋಷವನ್ನು ಆಗಿಂದಾಗಲೇ ಗದಗಕ್ಕೆ ಮುಟ್ಟಿಸಬೇಕೆಂದು ಫೋನು ತೆಗೆದೆ. ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು. ಕನ್ನಡದಲ್ಲಿ ಬರೆಯೋಣವೆಂದರೆ ಆ ಕ್ರಿಯೆಗೆ ಕನ್ನಡದಲ್ಲಿರುವ ಪದ, ಸೊಸೆಯಾದವಳು ಮಾವನ ಹೆಸರಿನ ಪಕ್ಕದಲ್ಲಿ, ಹಿರಿಯರೆಲ್ಲ ಇರುವ ಗುಂಪಿನಲ್ಲಿ ಬರೆಯುವಂಥದ್ದಲ್ಲ. ಇಂಥ ಹೊತ್ತಿಗಲ್ಲವೇ ದೇವರು ನಮಗೆ ಇಂಗ್ಲಿಷ್ ಕೊಟ್ಟಿರುವುದು? ಗ್ಯಾಸ್ ಎಂಬ ಮಾತನ್ನೂ ಮರ್ಯಾದೆಗಾಗಿ ಬಿಟ್ಟು, ಚುಟುಕಾಗಿ ಹೀಗೆ ಬರೆದೆ: "ಮಾವ ಪಾಸ್ಡ್ ಅಟ್ ಲಾಸ್ಟ್. ನೋ ಮೋರ್ ಪೇನ್. ಅತ್ತೆ ಈಸ್ ವೆರಿ ರಿಲೀವ್ಡ್." ಪಕ್ಕದಲ್ಲಿ ಕೈಮುಗಿದ ಗುರುತೊಂದನ್ನು ಇಟ್ಟು ಕಳಿಸಿದೆ. ಫೋನು ಕಣ್ಣು ಮುಚ್ಚಿತು.

ಅತ್ತೆ ಎರಡು ದಿನದಿಂದ ಸರಿಯಾಗಿ ಏನೂ ತಿಂದಿರಲಿಲ್ಲ. ಅವರನ್ನು ಕರೆದುಕೊಂಡು ಕೆಳಗಿನ ಫುಡ್ ಕೋರ್ಟಿಗೆ ಹೋದೆ. ಬ್ರೆಡ್ಡಿಗೆ ತೆಂಗಿನಹಾಲಿನ ಸಿಹಿ ಜಾಮು ಬಳಿದು ಕೊಡುತ್ತಾರಲ್ಲ, ಅದನ್ನು ಅತ್ತೆ ಮೊದಲ ಸಲ ತಿಂದರು. "ಭಾಳ ಚಲೋ ಐತವಾ, ಇನ್ನೊಂದು ತಗೊಂಡು ಬಾ" ಎಂದರು. ಕಾಫಿ ಕುಡಿದೆವು. ಮಾವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂಡ ಹೇಗೆ ಗಂಭೀರವಾಗಿ ಕೂತಿರುತ್ತಿದ್ದರೆಂದು ಅತ್ತೆ ನಟಿಸಿ ತೋರಿಸಿದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ.

ಅಷ್ಟು ಹೊತ್ತಿನಲ್ಲಿ ಗದಗದಲ್ಲಿ ಏನೇನು ಆಯಿತೆಂಬುದನ್ನು ಆಮೇಲೆ ಹಲವರ ಬಾಯಿಂದ ಕೇಳಿ ಜೋಡಿಸಿಕೊಂಡಿದ್ದೇನೆ. ನನ್ನ ಸಂದೇಶವನ್ನು ಮೊದಲು ನೋಡಿದ ನನ್ನ ಗಂಡನ ಅತ್ತಿಗೆಯೊಬ್ಬರು ಅದನ್ನು ಪಾಸ್ಡ್ ಅವೇ ಎಂದೇ ಓದಿಕೊಂಡು, ರೊಟ್ಟಿ ತಟ್ಟುವುದನ್ನು ಬಿಟ್ಟು ಕಿರುಚಿದರಂತೆ. ಮಾವನ ನಿವೃತ್ತ ಗೆಳೆಯರೊಬ್ಬರು "ಶಿವಪುತ್ರಪ್ಪ ಮಾಸ್ತರರು ಸಿಂಗಪುರದಲ್ಲಿ ಲಿಂಗೈಕ್ಯರಾದರು" ಎಂದು ಊರಿಗೆಲ್ಲ ಕಳಿಸಿದರು. ಸುದ್ದಿ ಹೈಸ್ಕೂಲಿಗೆ ಮುಟ್ಟಿತು. ಅಲ್ಲಿ ಪ್ರಾರ್ಥನೆಯ ಅಂಗಳದಲ್ಲಿ ಶೋಕಸಭೆ ನಡೆಸಿ, ಮಾವನ ಶಿಸ್ತಿನ ಬಗ್ಗೆ ಭಾಷಣ ಮಾಡಿ, ಮಕ್ಕಳಿಗೆ ಅರ್ಧ ದಿನ ರಜೆ ಕೊಟ್ಟರು. ಮಾವನಿಂದ ಗದಗದ ಮಕ್ಕಳಿಗೆ ಸಿಕ್ಕಿದ ಮೊದಲ ಖುಷಿ ಅದೇ ಇರಬೇಕು. ಬೀಗ ಹಾಕಿದ ನಮ್ಮ ಮನೆಯ ಮುಂದೆ ಜನ ಸೇರಿ, ಹೆಣ ಯಾವ ವಿಮಾನದಲ್ಲಿ ಬರುತ್ತದೆ, ಹುಬ್ಬಳ್ಳಿಗೋ ಗೋವೆಗೋ ಎಂದು ಚರ್ಚಿಸಿದರು. "ಗಂಡ ಸತ್ತದ್ದಕ್ಕ ಹೆಂಡತಿ ವೆರಿ ರಿಲೀವ್ಡ್ ಅಂತ! ಫಾರಿನ್ನಿಗೆ ಹೋದ್ರ ಮಂದಿ ಹಿಂಗೂ ಆಗ್ತಾರೇನು?" ಎಂದು ಒಬ್ಬ ಹಿರಿಯ ಹೆಂಗಸು ಅತ್ತೆಯ ಬಗ್ಗೆ ಬಾಯಿಗೆ ಕೈ ಇಟ್ಟುಕೊಂಡರಂತೆ.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಇಂದಿಗೂ ಕಾಡುವುದು ಮಹಾಂತೇಶನ ಪಾಡು. ಅವನು ಮೀಟಿಂಗಿನಲ್ಲಿದ್ದ. ಹೊರಗೆ ಬಂದು ಫೋನು ನೋಡಿದರೆ ಗುಂಪಿನ ತುಂಬ "ಧೈರ್ಯ ತಗೋ ತಮ್ಮಾ", "ಓಂ ಶಾಂತಿ". ಮೇಲಕ್ಕೆ ಸರಿಸಿ ನನ್ನ ಸಂದೇಶವನ್ನು ಓದುವ ಶಕ್ತಿಯೂ ಅವನಿಗೆ ಉಳಿಯಲಿಲ್ಲ. ನನಗೆ ಫೋನು ಮಾಡಿದರೆ ಸ್ವಿಚ್ ಆಫ್. ಟ್ಯಾಕ್ಸಿ ಹಿಡಿದು ಬಂದ. ನಾನೂ ಅತ್ತೆಯೂ ನಗುನಗುತ್ತ, ಮಾವನಿಗೆ ತೋರಿಸಲೆಂದು ಒಂದು ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಲಿಫ್ಟಿನಿಂದ ಹೊರಬರುವಾಗ, ಅವನು ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದ. ಕಣ್ಣು ಕೆಂಪಗಾಗಿತ್ತು, ವಾರ್ಡಿನ ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ.

"ಅವ್ವಾ, ನೀ ನಗಾಕತ್ತೀಯಲ್ಲಬೇ!" ಎಂದ.

"ನಗದ ಏನ್ ಮಾಡ್ಲೋ? ನಿಮ್ಮಪ್ಪ ಅಂತೂ ಗೆದ್ದ!" ಎಂದರು ಅತ್ತೆ.

ಅವನು ತಾಯಿಗೆ ಬುದ್ಧಿ ಕೆಟ್ಟಿತೆಂದು ತಿಳಿದು ಅವರನ್ನು ಅಪ್ಪಿಕೊಂಡು ಜೋರಾಗಿ ಅತ್ತ. ನನಗೆ ಏನೊಂದೂ ಅರ್ಥವಾಗಲಿಲ್ಲ. "ಮಹಾಂತೇಶ, ಏನಾಯ್ತು? ಮಾವ ಚೆನ್ನಾಗೇ ಇದಾರೆ, ಬಂದು ನೋಡಿ" ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಓಡಿದ. ನಾವು ಹಿಂದಿನಿಂದ ಹೋಗುವಷ್ಟರಲ್ಲಿ ಅವನು ಮಂಚದ ಪಕ್ಕದಲ್ಲಿ ನೆಲದ ಮೇಲೆ ಮೊಣಕಾಲೂರಿ ಅಪ್ಪನ ಪಾದಗಳನ್ನು ಹಿಡಿದುಕೊಂಡಿದ್ದ. ಮಾವ ದಿಂಬಿಗೆ ಒರಗಿ ಕೂತು, ನೂರುಲ್ ಕೊಟ್ಟ ಬಾರ್ಲಿ ನೀರನ್ನು ತೀರ್ಥದಂತೆ ಗುಟುಕರಿಸುತ್ತಿದ್ದರು. "ಯಾಕೋ ಮಾಂತೇಶ, ಆಫೀಸ್ ಇಷ್ಟ ಲಗೂ ಬಿಟ್ರೇನು?" ಎಂದರು.

ವಿಷಯ ಬಯಲಾದಾಗ ನನ್ನ ಕಾಲ ಕೆಳಗಿನ ನೆಲ ಜರಿಯಿತು. ಮಹಾಂತೇಶ ಏನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತನ್ನ ಫೋನಿನಿಂದ ಗುಂಪಿಗೆ "ಅಪ್ಪಾರು ಆರಾಮ ಅದಾರ. ಪಾಸ್ ಆಗಿದ್ದು ಗ್ಯಾಸ್" ಎಂದು ಬರೆದ. ಮೊದಲು ಒಬ್ಬರು ನಕ್ಕ ಗುರುತು ಹಾಕಿದರು. ಆಮೇಲೆ ಕಟ್ಟೆ ಒಡೆಯಿತು.

ಮಾವ ನನ್ನನ್ನು ಹತ್ತಿರ ಕರೆದರು. "ಏನ್ ಬರದಿ, ತೋರಸು" ಎಂದರು. ಮಹಾಂತೇಶನ ಫೋನಿನಲ್ಲಿ ನನ್ನ ಆ ಸಂದೇಶವನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು, ಇನ್ನೊಮ್ಮೆ ಓದಿದರು. "ಇಲ್ಲೆ ಪಾಸ್ ಅನ್ನೋದು ಸಕರ್ಮಕ ಕ್ರಿಯಾಪದ, ವಿದ್ಯಾ. ಏನನ್ನ ಪಾಸ್ ಮಾಡಿದ್ರು ಅಂತ ಕರ್ಮಪದ ಹಾಕಬೇಕು. ನೀ ಕರ್ಮ ಬಿಟ್ಟಿ. ಅದು ಬಂದು ನನಗ ಗಂಟುಬಿತ್ತು" ಎಂದರು. ಹೊಲಿಗೆ ನೋಯುವುದರಿಂದ ನಗಬಾರದೆಂದು ಹೊಟ್ಟೆ ಹಿಡಿದುಕೊಂಡು ಉಸಿರು ಬಿಗಿಹಿಡಿದರು. ನನಗೆ ಆಗಲೇ ಸ್ವಲ್ಪ ಜೀವ ಬಂದದ್ದು.

ಆಮೇಲೆ ಮಾವನಿಗೆ ಒಂದು ಆಸೆ ಹುಟ್ಟಿತು. ತಾವು ಸತ್ತದ್ದಕ್ಕೆ ಯಾರು ಯಾರು ಏನೇನು ಅಂದಿದ್ದಾರೆ ಎಲ್ಲವನ್ನೂ ಓದಿ ಹೇಳಬೇಕಂತೆ. ಅತ್ತೆ "ಅಪಶಕುನ, ಬ್ಯಾಡ" ಎಂದರು. ಮಾವ ಕೇಳಲಿಲ್ಲ. "ಈ ಭಾಗ್ಯ ಎಷ್ಟ ಮಂದಿಗೆ ಸಿಗ್ತದ?" ಎಂದರು. ನಾನು ಓದುತ್ತಾ ಹೋದೆ. ಅವರು ಬಾರ್ಲಿ ನೀರು ಕುಡಿಯುತ್ತ ಉತ್ತರಪತ್ರಿಕೆ ತಿದ್ದುವವರ ಹಾಗೆ ಕೇಳುತ್ತಾ ಹೋದರು. ರೆಸ್ಟ್ ಇನ್ ಪೀಸ್ ಎಂದು ಬರೆದವನೊಬ್ಬ ಶಾಂತಿಯ ಸ್ಪೆಲ್ಲಿಂಗಿನ ಬದಲು ತುಂಡಿನ ಸ್ಪೆಲ್ಲಿಂಗ್ ಹಾಕಿದ್ದ. "ಯಾರಾಂವ? ನನ್ನ ಕೈಯಾಗ ಕಲತಾಂವ ಅಲ್ಲ ತಾನೇ? ತುಂಡಿನೊಳಗ ನಾ ಹೆಂಗ ಮಲಗಲಿ?" ಎಂದರು. ಹೆಸರು ಹೇಳಿದೆ. ಅವರ ಕೈಯಲ್ಲೇ ಕಲಿತವನು. ಮಾವ ನಿಟ್ಟುಸಿರು ಬಿಟ್ಟರು.

ಕೊನೆಗೆ ಒಂದು ಧ್ವನಿ ಸಂದೇಶ ಉಳಿಯಿತು. ಚಿಕ್ಕಮಾವ ವೀರಪ್ಪನವರದು. ನಾನು ಮಹಾಂತೇಶನ ಮುಖ ನೋಡಿದೆ, ಅವನು ಹಾಕು ಎಂದು ಸನ್ನೆ ಮಾಡಿದ. ಮೊದಲು ಬರೀ ಉಸಿರು ಕೇಳಿಸಿತು, ಹಿಂದೆ ಎಲ್ಲೋ ಕುಕ್ಕರಿನ ಸೀಟಿ. ಆಮೇಲೆ ಮಾತು.

"ಮಾಂತೇಶಾ... ಅಣ್ಣನ ಕಿವಿಯಾಗ ಒಂದು ಮಾತ ಹೇಳಪಾ. ಕೇಳಸ್ತದೋ ಇಲ್ಲೋ, ಹೇಳು. ವೀರೂ ಸಿಟ್ಟ ಬಿಟ್ಟಾನ ಅಂತ ಹೇಳು. ಹುಡುಗ ಆ ವರ್ಷ ಪುಸ್ತಕ ಮುಟ್ಟಿದ್ದಿಲ್ಲ. ಅಣ್ಣ ಮಾಡಿದ್ದು ಬರೋಬರಿ ಇತ್ತು. ಅದು ನನಗ ಅವತ್ತ ಗೊತ್ತಿತ್ತು. ಬಸೂಗ ಹೇಳೀನಿ, ನನಗೂ ಒಂದು ಪಾಸ್‌ಪೋರ್ಟ್ ಮಾಡಸು ಅಂತ. ನಾನೂ ಬರ್ತೀನಿ. ಒಬ್ಬಾವ್ನ ಅಲ್ಲಿ ಬಿಡಬ್ಯಾಡ್ರಿ ಅವನ್ನ."

ಮಾವ ಲೋಟವನ್ನು ಕೆಳಗಿಟ್ಟರು. ತಿದ್ದಲು ಅದರಲ್ಲಿ ಏನೂ ಇರಲಿಲ್ಲವೇನೋ. ಪಕ್ಕದ ತಮಿಳು ಅಂಕಲ್ ಭಾಷೆ ತಿಳಿಯದಿದ್ದರೂ ಟೀವಿಯ ಸದ್ದನ್ನು ತಗ್ಗಿಸಿದರು. "ಇನ್ನೊಮ್ಮೆ ಹಾಕು" ಎಂದರು ಮಾವ. ಹಾಕಿದೆ. "ಫೋನ್ ಹಚ್ಚು ಅವಂಗ" ಎಂದರು.

ಬಾಗಲಕೋಟೆಯಲ್ಲಿ ಚಿಕ್ಕಮಾವ ಇನ್ನೂ ಎರಡನೆಯ ಸಂದೇಶವನ್ನು ನೋಡಿರಲಿಲ್ಲ ಎಂಬುದು ನಮಗೆ ಹೇಗೆ ಗೊತ್ತಾಗಬೇಕು? ಮಾವ ತಮ್ಮ ಎಂದಿನ ಗಟ್ಟಿ ದನಿಯಲ್ಲಿ, "ಹಲೋ, ವೀರೂ? ನಾನು, ಅಣ್ಣ" ಎಂದರು. ಆ ಕಡೆ ಏನೋ ಬಿದ್ದ ಸದ್ದು. ತೀರ ಮೆಲ್ಲಗೆ, "ಅಣ್ಣಾ... ನೀ ಎಲ್ಲಿಂದ ಮಾತಾಡಾಕತ್ತಿ?" ಎಂದು ಕೇಳಿಸಿತು.

"ಸಿಂಗಪುರದಿಂದಲೇ. ಮ್ಯಾಲಿಂದಲ್ಲ."

ಆಮೇಲೆ ಅಣ್ಣತಮ್ಮಂದಿರು ಅತ್ತರೋ ನಕ್ಕರೋ, ಎರಡನ್ನೂ ಬೇರೆ ಮಾಡಲಾಗಲಿಲ್ಲ. ಮಾವ ಒಮ್ಮೆ ಗಂಟಲು ಸರಿಮಾಡಿಕೊಂಡು, "ಆ ಪೇಪರು ನಾ ಇನ್ನೊಮ್ಮೆ ನೋಡಬೇಕಿತ್ತಲೇ" ಎಂದರು. ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ಕೇಳಿ ಅತ್ತೆ ನನ್ನ ಕಡೆ ಹುಬ್ಬೇರಿಸಿದರು. "ಬ್ಯಾಡಣ್ಣಾ, ಫೇಲ್ ಇದ್ದದ್ದ ಇರ್ಲಿ. ಈಗ ಟೈಲ್ಸ್ ಅಂಗಡಿ ಇಟ್ಟು ನಾಕ ಮಂದಿಗೆ ಕೆಲಸ ಕೊಟ್ಟಾನ. ನೀ ಪಾಸ್ ಮಾಡಿದ್ದಿ ಅಂದ್ರ ಎಲ್ಯರ ಕುರ್ಚಿ ಮ್ಯಾಲ ಕುಂತು ತೂಕಡಿಸ್ತಿದ್ದ" ಎಂದರು ಚಿಕ್ಕಮಾವ. ಮಾತು ಮುಂದುವರಿಯುತ್ತಲೇ ಇತ್ತು. ಮಹಾಂತೇಶನ ಫೋನಿಗೆ ನೂರುಲ್ ಎಲ್ಲಿಂದಲೋ ಚಾರ್ಜರು ತಂದು ಹಚ್ಚಿದಳು.

ಮಾವ ಗಂಜಿಯಿಂದ ಇಡ್ಲಿಗೆ, ಇಡ್ಲಿಯಿಂದ ಜೋಳದ ರೊಟ್ಟಿಗೆ ಬಂದರು. ವಿಮಾನ ಹತ್ತಬಹುದೆಂದು ಡಾಕ್ಟರು ಹೇಳುವ ತನಕ ವಿಸಿಟ್ ಪಾಸನ್ನೂ ವಿಸ್ತರಿಸಿಕೊಂಡೆವು. ದಿನಾ ಸಂಜೆ ನಮ್ಮ ಕಟ್ಟಡದ ಬುಡದಲ್ಲಿ, ವಾಯ್ಡ್ ಡೆಕ್ ಎಂದು ಕರೆಯುವ ತೆರೆದ ಜಾಗದ ಕಲ್ಲುಬೆಂಚಿನ ಮೇಲೆ ಕೂತು ಅವರು ತಮ್ಮನೊಂದಿಗೆ ಮಾತಾಡುತ್ತಿದ್ದರು. ಇಷ್ಟು ಕಾಲದ ಬಾಕಿ ಮಾತು ಅಷ್ಟು ಬೇಗ ಮುಗಿಯುತ್ತದೆಯೇ? ನನಗೆ ಮಾತ್ರ ಗಂಡನ ಕಟ್ಟಪ್ಪಣೆಯಾಯಿತು: ಇನ್ನು ಮುಂದೆ ಗುಂಪಿನಲ್ಲಿ ಇಂಗ್ಲಿಷ್ ಬರೆಯುವ ಹಾಗಿಲ್ಲ, ಏನಿದ್ದರೂ ಕನ್ನಡದಲ್ಲಿ ಬರೆಯತಕ್ಕದ್ದು. ಕನ್ನಡದಲ್ಲಿ ಇಂಥ ಮೋಸವಿಲ್ಲ ಎಂದು ನಾನೂ ಸಂತೋಷದಿಂದ ಒಪ್ಪಿದೆ.

ಅವರು ಊರಿಗೆ ಹೊರಟ ದಿನ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಬ್ಬರನ್ನೂ ಒಳಗೆ ಕಳಿಸಿ, ಕಣ್ಣೊರೆಸಿಕೊಂಡು, ಗುಂಪಿಗೆ ತಿಳಿಸೋಣವೆಂದು ಕುಳಿತೆ. "ಮಾವ, ಅತ್ತೆ ಇಬ್ಬರೂ ಹೋದರು" ಎಂದು ಬರೆದೆ. ಕಳಿಸುವ ಮೊದಲು ಒಮ್ಮೆ ಓದಿದೆ. ಅಳಿಸಿದೆ. "ನಮ್ಮನ್ನು ಬಿಟ್ಟು ಹೊರಟರು" ಎಂದು ಬರೆದೆ. ಅದು ಇನ್ನೂ ಕೆಟ್ಟದ್ದಾಗಿ ಕಂಡಿತು. ವಿಮಾನ ಹಾರಿತು ಎನ್ನೋಣವೆಂದು "ಮೇಲೆ ಹೋದರು" ಎಂದು ಬರೆದು, ನಾಲಗೆ ಕಚ್ಚಿಕೊಂಡು ಅಳಿಸಿದೆ. "ಪಯಣ ಮುಗಿಸಿದರು" ಎಂಬುದಂತೂ ಶ್ರದ್ಧಾಂಜಲಿಯ ತಲೆಬರಹ. ಹುಟ್ಟಿದಾಗಿನಿಂದ ಆಡಿದ ಭಾಷೆ, ಇಷ್ಟೊಂದು ಬಾಗಿಲುಗಳಿಂದ ಜನರನ್ನು ಸಾಯಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಯಾವ ಭಾಷೆಯ ಸಹವಾಸವೂ ಬೇಡವೆಂದು, ಒಳಗೆ ಹೋಗುವ ಮುನ್ನ ಇಬ್ಬರೂ ಕೈಮುಗಿದು ನಿಂತಿದ್ದ ಚಂದದ ಫೋಟೋ ಒಂದನ್ನು ಆರಿಸಿ, ಒಂದಕ್ಷರವನ್ನೂ ಬರೆಯದೆ ಕಳಿಸಿದೆ. ಮನಸ್ಸು ಹಗುರವಾಯಿತು.

ನಾವಿನ್ನೂ ಎಂ‌ಆರ್‌ಟಿ ರೈಲು ಹತ್ತಿರಲಿಲ್ಲ, ಬಾಗಲಕೋಟೆಯಿಂದ ಫೋನು ಬಂತು. ಚಿಕ್ಕಮಾವನ ದನಿ ನಡುಗುತ್ತಿತ್ತು.

"ವಿದ್ಯಾ, ಏನೂ ಬರೀದ ಬರೀ ಫೋಟೋ ಹಾಕಿಯಲ್ಲವಾ... ಇಬ್ಬರದೂನೂ!"